ಕಾಯಿ ಕಚ್ಚಿ ಹೇಳುತ್ತಿದ್ದ ಅಕ್ಕ

ಹಲ್ಲಿನ ಡಾಕ್ಟರಿಗೆ ಕೊಟ್ಟದ್ದು ಎಂಟುನೂರು. ಸಾವಿರ ಹೇಳಿದ್ದರು, ಇನ್ನೂರು ಇಳಿಸಿದೆ. ಹಲ್ಲು ನನ್ನದಲ್ಲ, ಕಾಯಿ ನೋಡುವ ಅಕ್ಕನದು.

ಶಿರಾ ಮಾರುಕಟ್ಟೆಯಲ್ಲಿ ನಾನು ರೈತರಿಂದ ಕಡಲೆಕಾಯಿ ಕೊಳ್ಳುವಾಗ ಈ ಅಕ್ಕ ಮೂಟೆಗೊಂದು ಬೀಜ ಕಚ್ಚಿ, ಒಣಗಿದೆಯೋ ಹಸಿಯೋ ಹೇಳುತ್ತಿದ್ದರು. ದರಕ್ಕೆ ರೈತರೂ ನಾನೂ ಎಷ್ಟೇ ಜಗ್ಗಾಡಲಿ, ಅಕ್ಕ "ಹಲ್ಲು ಸುಳ್ಳು ಹೇಳಲ್ಲ ಕಣಪ್ಪ" ಎಂದರೆ ಮಾತು ಮುಗಿಯಿತು.

ಒಂದು ದಿನ ಅವರು ಕಚ್ಚಿದ ಬೀಜದ ಬಿಳಿ ಭಾಗದಲ್ಲಿ ರಕ್ತ ಕಂಡಿತು. ಸೆರಗಿನಲ್ಲಿ ಒರೆಸಿ, "ಸಿಪ್ಪೆ ಬಣ್ಣ ಕಣಪ್ಪ" ಎಂದರು.

"ಇಪ್ಪತ್ತು ವರ್ಷದಿಂದ ಕಾಯಿ ತಗೊಂತಿದೀನಿ, ನಂಗೇ ಸಿಪ್ಪೆ ತೋರುಸ್ತೀಯೇನಕ್ಕ?"

ಅವರ ದನಿ ತಗ್ಗಿತು. "ಎಲ್ಡು ಹಲ್ಲು ಅಲ್ಲಾಡ್ತಾವೆ. ಕಿತ್ತಾಕ್ಬುಟ್ರೆ ನನ್ ಮಾತು ಯಾರ್ ಕೇಳ್ತಾರೆ?"

ಒತ್ತಾಯ ಮಾಡಿ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ವಸಡು ನೋಡಿ, ಮೊದಲು ರಕ್ತದ ಸಕ್ಕರೆ ನೋಡಿಸಿ ಎಂದರು. ಅಕ್ಕನಿಗೆ ಸಕ್ಕರೆ ಕಾಯಿಲೆಯಿತ್ತು, ಅವರಿಗೇ ಗೊತ್ತಿರಲಿಲ್ಲ. ಮಾತ್ರೆಯೂ ವಸಡಿನ ಚಿಕಿತ್ಸೆಯೂ ಶುರುವಾದವು. ಒಂದು ಹಲ್ಲು ಹೋಯಿತು, ಇನ್ನೊಂದು ಗಟ್ಟಿಯಾಯಿತು. ಮೂರು ತಿಂಗಳ ಮೇಲೆ ಬಂದು ಬೀಜ ಕಚ್ಚಿದರು. "ಚೆನ್ನಾಗ್ ಒಣಗೈತೆ. ಪೂರ್ತಿ ರೇಟು ಕೊಡು." ಅವತ್ತು ನಾನು ಚೌಕಾಸಿ ಮಾಡಲಿಲ್ಲ.

ಹಲ್ಲುಜ್ಜುವಾಗ ರಕ್ತ ಕಂಡರೆ ಪೇಸ್ಟ್ ಬದಲಿಸಿ ಸುಮ್ಮನಾಗಬೇಡಿ, ಹಲ್ಲಿನ ಡಾಕ್ಟರಿಗೆ ತೋರಿಸಿ, ಸಕ್ಕರೆಯನ್ನೂ ನೋಡಿಸಿ. ಸಕ್ಕರೆ ಇರುವವರು ವಸಡು ತೋರಿಸಿ. ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಫೀಸಿಗೆ ಬೇಕಾದರೆ ಚೌಕಾಸಿ ಮಾಡಿ, ಹೋಗುವುದನ್ನು ಮಾತ್ರ ಮುಂದೂಡಬೇಡಿ.