ಮಲ್ಲೇಶಪ್ಪನವರ ಸೊನ್ನೆ

ಆಲೂರಿನ ಬಸ್ ನಿಲ್ದಾಣದೆದುರು ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದ ಶಿವಲೀಲಾ, ವೆಬ್‌ಸೈಟ್ ಕಟ್ಟುವ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯನ್ನು ಪುಸ್ತಕ ನೋಡಿಯೇ ಕಲಿತವಳು. ಕಲಿತದ್ದು ತುಕ್ಕು ಹಿಡಿಯಬಾರದೆಂದು ಕಾಫಿ ಬೆಳೆಗಾರರ ಸಂಘಕ್ಕೆ ಮಳೆ ಲೆಕ್ಕದ ವೆಬ್‌ಸೈಟೊಂದನ್ನು ಮಾಡಿಕೊಟ್ಟಿದ್ದಳು. ಬೆಳೆಗಾರರು ತಮ್ಮ ತೋಟದ ಮಳೆಯನ್ನು ಇಂಚು ಮತ್ತು ಇಂಚಿನ ನೂರನೇ ಒಂದು ಪಾಲಾದ ಸೆಂಟಿನ ಲೆಕ್ಕದಲ್ಲಿ ಫಾರ್ಮಿನಲ್ಲಿ ತುಂಬಿ ಗುಂಡಿ ಒತ್ತಿದರೆ ಆ ದಿನದ ದಾಖಲೆ ಬದಲಾಗುತ್ತಿತ್ತು.

ಕಾಫಿ ಹೂವರಳಿಸುವ ಮಳೆಗೆ ಎಲ್ಲರೂ ಆಕಾಶ ನೋಡುತ್ತಿದ್ದ ೨೦೦೬ರ ಮಾರ್ಚ್ ಅದು. ಕೆ. ಹೊಸಕೋಟೆಯ ಬೆಳೆಗಾರ ಮಲ್ಲೇಶಪ್ಪ ಸೆಂಟರಿಗೆ ಬಂದು ಕಂಪ್ಯೂಟರಿನೆದುರು ಕೂತು, ಒಂದೇ ಬೆರಳಲ್ಲಿ ಸೊನ್ನೆ ಒತ್ತಿದರು. ‘ಮಳೆ ಎಷ್ಟೆಂದು ತುಂಬಿ’ ಎಂದಿತು ಪರದೆ. ಮತ್ತೆ ಒತ್ತಿದರು. ಮತ್ತದೇ ಮಾತು.

“ಏನವ್ವ ಇದು? ಮಳೆ ಬಂದಿಲ್ಲ ಅಂತ ನಾನು ಹೊಟ್ಟೆ ಉರ್ಕೊಂಡು ಬರೆದ್ರೆ, ನಿನ್ ಮಿಷಿನ್ನು ನಂಬಾಕಿಲ್ಲ ಅಂತೈತಲ್ಲ! ನಲವತ್ತು ವರ್ಷದಿಂದ ಮಳೆ ಲೆಕ್ಕ ಬರೀತಾ ಇವ್ನಿ. ಸೊನ್ನೆನೂ ಲೆಕ್ಕನೇ ಕಣವ್ವ.”

ಶಿವಲೀಲಾ ಕೋಡ್ ತೆರೆದು ನೋಡಿದಳು. ಜಾಗ ಖಾಲಿ ಬಿಟ್ಟವರನ್ನು ತಡೆಯಲೆಂದು ತಾನೇ ಬರೆದಿದ್ದ ಸಾಲು ಸೊನ್ನೆಯನ್ನೂ ಖಾಲಿ ಎಂದೇ ಎಣಿಸುತ್ತಿತ್ತು.

“ನೀವೇ ಸರಿ, ದೊಡ್ಡಪ್ಪ” ಎಂದು ನಗುತ್ತ ಸಾಲನ್ನು ತಿದ್ದಿದಳು. ಸೊನ್ನೆ ದಾಖಲಾಯಿತು. ಮಲ್ಲೇಶಪ್ಪ ಕೇಸು ಗೆದ್ದವರಂತೆ ಎದ್ದು ಬಸ್ ಹತ್ತಿದರು.

ಮಾರನೆಯ ಬೆಳಿಗ್ಗೆ ಅವಳು ಬಾಗಿಲು ತೆಗೆಯಲು ಬಂದಾಗ ಅವರಾಗಲೇ ಮೆಟ್ಟಿಲ ಮೇಲೆ ಕೂತಿದ್ದರು. ಪಂಚೆಯಂಚೆಲ್ಲ ಕೆಸರು, ಮುಖವೆಲ್ಲ ನಗು.

“ನಿನ್ನೆ ಮನೆ ಸೇರೋಷ್ಟರಲ್ಲಿ ಹುಯ್ದುಬುಡ್ತು ಕಣವ್ವ, ಒಂದಿಂಚು ಇಪ್ಪತ್ತು ಸೆಂಟು! ಆ ದರಿದ್ರ ಸೊನ್ನೆ ಮೊದ್ಲು ಅಳಿಸ್ಬುಡು, ಮಾರಾಯ್ತಿ.”