ಆರು ಮಂದಿ, ಏಳು ಕಲ್ಲು

ಡಿಸೆಂಬರಿನ ಮೊದಲ ಶನಿವಾರ. ಬೆಳಗಿನ ಆರು ಗಂಟೆ. ಸುರೇಬಾನದಿಂದ ನಾಲ್ಕು ಮೈಲಿ ದೂರದ ಗುಡ್ಡದ ಬುಡದಲ್ಲಿ ಲಗಮವ್ವ ಮೊಣಕಾಲೂರಿ ಕುಳಿತಿದ್ದಾಳೆ. ಪಕ್ಕದಲ್ಲಿ ಒಣ ಹಳ್ಳ, ಎದುರಿಗೆ ಚಪ್ಪಟೆ ಬಂಡೆ, ಅದರ ನಡುವೆ ಒರಳಿನ ಬಾಯಿಯಷ್ಟು ಅಗಲದ ಒಂದು ಕುಣಿ. ಕುಣಿಯೊಳಗೆ ಬೆರಳಾಡಿಸಿ, ಅಲ್ಲಿರುವುದು ಇದೆಯೆಂದು ಖಾತ್ರಿ ಮಾಡಿಕೊಂಡು ಎದ್ದು ನಿಲ್ಲುತ್ತಾಳೆ.

"ಒಬ್ಬೊಬ್ಬರು ಒಂದೊಂದು ಕಲ್ಲು ಹಾಕ್ರಿ. ನಿಮ್ಮ ಕಲ್ಲಿನ ಗುರ್ತ ಇಟ್ಕೋರಿ. ಇಳದ ಮ್ಯಾಲೆ ಅದನ್ನ ತಗೊಂಡು, ತಿರುಗಿ ನೋಡದಂಗ ಹಿಂದಕ್ಕ ಒಗೀಬೇಕು."

ಗಾಡಿಯಿಂದ ಇಳಿದಿರುವುದು ಬೈಲಹೊಂಗಲದ ಡ್ರಿಲ್ ಮಾಸ್ತರ ಮಡಿವಾಳೆಪ್ಪನ ಸಂಸಾರ. ಹೆಂಡತಿ ದೇವಕ್ಕ, ಅರವತ್ತೈದರ ತಾಯಿ ಸೋಮವ್ವ, ಹದಿಮೂರು ವರ್ಷದ ಸತ್ಯವ್ವ, ಒಂಬತ್ತರ ಇಂದ್ರವ್ವ. ಜೊತೆಗೆ ಎರಡು ಡೇರೆ, ಹಗ್ಗದ ಸುರುಳಿ, ಅಡಿಗೆಯ ಸಾಮಾನು. ಎರಡು ಹಗಲು, ಒಂದು ರಾತ್ರಿ ಗುಡ್ಡದ ಮೇಲೆ ಕಳೆಯುವುದು ಮಾಸ್ತರರ ಯೋಜನೆ.

"ಮನ್ಯಾಗ ಕಟ್ಟಿ ಏರಾಕ ನನ್ನ ಕೈ ಹಿಡೀತಾನ, ಇಲ್ಲೆ ಗುಡ್ಡ ಏರಸಾಕ ಹತ್ಯಾನ ನೋಡವ್ವಾ," ಎಂದು ಸೋಮವ್ವ ತನ್ನ ಕಲ್ಲನ್ನು ಕುಣಿಗೆ ಹಾಕುತ್ತಾಳೆ.

ಐದು ಮಂದಿಯ ಐದು ಕಲ್ಲು, ಲಗಮವ್ವನದೊಂದು. ಆರು ಮಂದಿ ಏರುತ್ತಾರೆ. ಆದರೆ ಕುಣಿಯಲ್ಲಿರುವುದು ಏಳು ಕಲ್ಲು.

ಲಗಮವ್ವನಿಗೆ ಈಗ ಐವತ್ತರ ಆಸುಪಾಸು. ಹನ್ನೊಂದು ಆಡು ಸಾಕಿದ್ದಾಳೆ. ಏಳು ವರ್ಷಗಳಿಂದ, ಚಳಿಗಾಲದ ಮೂರು ತಿಂಗಳು, ಗುಡ್ಡದ ಮೇಲೆ ಡೇರೆ ಹೊಡೆಯಲು ಬರುವ ಸಂಸಾರಗಳಿಗೆ ಜಾಗ ನೋಡುವವಳು ಅವಳೇ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಂದ ಮಂದಿ ಬರುತ್ತಾರೆ. ಗಾಳಿ ಯಾವ ಕಡೆಯಿಂದ ತಿರುಗುತ್ತದೆ, ಬಂಡೆಯ ಯಾವ ದೋಣಿಯಲ್ಲಿ ಮಳೆನೀರು ನಿಂತಿದೆ, ಮುದುಕರು ಯಾವ ದಾರಿಯಲ್ಲಿ ಏರಬೇಕು ಎಂಬುದನ್ನೆಲ್ಲ ಎರಡು ದಿನ ಮುಂಚೆ ಒಬ್ಬಳೇ ಹತ್ತಿ ನೋಡಿ ಬರುತ್ತಾಳೆ. ಮಂದಿ ಬಂದ ಮೇಲೆ ತಲೆಯ ಮೇಲೊಂದು, ಕಂಕುಳಲ್ಲೊಂದು ಕೊಡ ಹೊತ್ತು ಒಂದೂವರೆ ತಾಸಿನ ಏರು ಹತ್ತುತ್ತಾಳೆ. ಪ್ರತಿಫಲವೆಂದರೆ ಜೋಳ, ಒಮ್ಮೊಮ್ಮೆ ಒಂದು ಸೀರೆ.

ಓದು ಬರಹ ಬಾರದ ಅವಳು ಸಂಸಾರಕ್ಕೊಂದರಂತೆ ಹುರಿಗೆ ಗಂಟು ಹಾಕುತ್ತಾಳೆ. ಎಣಿಸಿದರೆ ನಲವತ್ತಾರು ಗಂಟುಗಳಿವೆ. ಒಟ್ಟು ಎಷ್ಟು ಮಂದಿ ಏರಿದರು ಎಂದು ಕೇಳಿದರೆ ಉತ್ತರ ಒಂದೇ: "ಹೋದಷ್ಟು ಮಂದಿ ಬಂದಾರ್ರಿ."

ಮಡಿವಾಳೆಪ್ಪ ಮಾಸ್ತರರು ತಿಂಗಳ ಹಿಂದೆಯೇ ಪತ್ರ ಬರೆದಿದ್ದರು. ಸುರೇಬಾನದ ಅಂಚೆಯಾಳು ಸಂಗಪ್ಪ ಅದನ್ನು ಓದಿ ಹೇಳಿದ. ಐದೂವರೆಗೆ ಸೀಟಿ, ಐದೂ ಮುಕ್ಕಾಲಿಗೆ ವ್ಯಾಯಾಮ, ಆರೂವರೆಗೆ ಹಗ್ಗ ಹಿಡಿದು ಬಂಡೆ ಏರುವುದು, ಎಂಟಕ್ಕೆ ಉಪ್ಪಿಟ್ಟು. ಡೇರೆ ಬಡಗಣ ಹಾಸುಬಂಡೆಯ ಮೇಲೆ. ಲಗಮವ್ವ ಎರಡೇ ಮಾತು ಹೇಳಿ ಬರೆಸಿದಳು. ಬಡಗಣ ಹಾಸು ಬೇಡ. ಸೀಟಿ ಬೇಡ.

ಕಾರಣವಿದೆ. ಬಡಗಣ ಹಾಸಿನ ತುದಿಗೆ ನೂರು ಅಡಿ ಆಳದ ಕಮರಿ. ಆಚೆ ದಂಡೆಯ ಕಲ್ಲುಗೋಡೆ ಈಚೆಯ ದನಿಯನ್ನು ಹಿಂದಕ್ಕೆ ಕಳಿಸುತ್ತದೆ. ಕೂಗಿದವನ ದನಿಗಿಂತ ಕಮರಿಯಿಂದ ಬಂದ ದನಿಯೇ ಹತ್ತಿರ ಕೇಳುತ್ತದೆ. ಮಂಜಿನಲ್ಲಂತೂ ಯಾವುದು ಮನುಷ್ಯನದು, ಯಾವುದು ಕಲ್ಲಿನದು ಎಂದು ತಿಳಿಯುವುದಿಲ್ಲ. ಆಡುಗಳು ಅತ್ತ ಮೇಯುವುದಿಲ್ಲ.

೧೯೬೯ರ ಮಾರ್ಗಶಿರದಲ್ಲಿ ಲಗಮವ್ವನ ಗಂಡ ಶಟ್ಟೆಪ್ಪ ಮಂಜಿನೊಳಗೆ ಮರಿಯೊಂದರ ಕೂಗು ಕೇಳಿ ಬಡಗಣಕ್ಕೆ ಹೋದ. ಮರಿ ಸಂಜೆ ತಾನಾಗಿಯೇ ಹಟ್ಟಿಗೆ ಬಂತು. ಶಟ್ಟೆಪ್ಪ ಬರಲಿಲ್ಲ. ಊರವರು ಮೂರು ದಿನ ಹಗ್ಗ ಇಳಿಬಿಟ್ಟು ಕಮರಿ ಹುಡುಕಿದರು. ಅವನ ಕಾಲಿನ ಒಂದು ಕೆರವು ಕೂಡ ಸಿಗಲಿಲ್ಲ.

ಏರುವ ಮುಂಚೆ ಕುಣಿಗೆ ಕಲ್ಲು ಹಾಕುವುದು ಈ ಗುಡ್ಡದಲ್ಲಿ ಆಡು ಕಾಯುವವರ ಹಳೆಯ ರೂಢಿ. ಗುಡ್ಡದ ಕಲ್ಲೆಲ್ಲ ಕೆಂಪು. ಶಟ್ಟೆಪ್ಪ ಗುರುತಿಗೆಂದು ಮಲಪ್ರಭೆಯ ಹೊಳೆಗಲ್ಲು ಇಟ್ಟುಕೊಂಡಿದ್ದ. ಕಪ್ಪು ಬಣ್ಣ, ನಡುವೆ ಒಂದು ಬಿಳಿ ಗೆರೆ. ಆ ಬೆಳಿಗ್ಗೆ ಅವನು ಹಾಕಿದ ಕಲ್ಲು ಕುಣಿಯಲ್ಲೇ ಉಳಿಯಿತು. ಲಗಮವ್ವ ಅದನ್ನು ತೆಗೆದಿಲ್ಲ. ಹಿರಿಯರು ಬುದ್ಧಿ ಹೇಳಿದರೂ ಹಣೆಯ ಕುಂಕುಮವನ್ನೂ ಅಳಿಸಿಲ್ಲ.

"ಕಲ್ಲು ಐತಿ ಅಂದ್ರ ಮನಿಶಾ ಇಳದಿಲ್ಲ ಅಂತ ಅರ್ಥ. ಒಂದ ಆಸೆ ಐತ್ರಿ ನನಗ. ಅವರು ಇಳದ್ರು ಅಂತ ಖಾತ್ರಿ ಆಗಿ, ಆ ಕಲ್ಲು ನನ್ನ ಕೈಯಾರೆ ಹಿಂದಕ್ಕ ಒಗೀಬೇಕು. ಆಮ್ಯಾಲೆ ನಾನೂ ಗುಡ್ಡ ಬಿಡತೇನಿ."

ಶನಿವಾರ ಬೆಳಿಗ್ಗೆ ಎಲ್ಲರೂ ಏರತೊಡಗಿದಾಗ ಮಾಸ್ತರರು ಹಗ್ಗ ಬಿಗಿಯುತ್ತ ಅರೆಗಳಿಗೆ ಹಿಂದೆ ಉಳಿದದ್ದನ್ನು ಲಗಮವ್ವ ನೋಡಿಲ್ಲ.

ಡೇರೆಗಳು ಅವಳು ಹೇಳಿದಂತೆ ತೆಂಕಣ ಬದಿಯಲ್ಲಿ ಏಳುತ್ತವೆ. ಹಗಲೆಲ್ಲ ಮಕ್ಕಳು ಹಗ್ಗ ಹಿಡಿದು ಬಂಡೆ ಏರುತ್ತಾರೆ, ಇಳಿಯುತ್ತಾರೆ. ಸೋಮವ್ವ ಮೂರು ಕಲ್ಲಿನ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ ಮಗನ ವೇಳಾಪಟ್ಟಿಯನ್ನು ಹಾಸ್ಯ ಮಾಡುತ್ತಾಳೆ: "ಯಪ್ಪಾ, ರೊಟ್ಟಿ ಎಷ್ಟಕ್ಕ ಉಬ್ಬಬೇಕಂತ ಬರದಿಲ್ಲೇನೋ?"

ಭಾನುವಾರ ಬೆಳಗಿನ ಐದೂವರೆಗೆ ಡೇರೆಯ ಬಾಗಿಲು ತೆರೆದರೆ ಹೊರಗೆ ಏನೂ ಇಲ್ಲ. ಮಂಜು. ಚಾಚಿದ ಕೈಯ ಬೆರಳು ಕಾಣುವುದಿಲ್ಲ. ಮುಖ ತೊಳೆಯಲು ಮೂವತ್ತು ಹೆಜ್ಜೆ ದೂರದ ನೀರಿನ ಕಲ್ಲುದೋಣಿಗೆ ಹೋದ ಇಂದ್ರವ್ವ ಬಂದಿಲ್ಲ. ಮಾಸ್ತರರ ಕೈ ಅಭ್ಯಾಸದಂತೆ ಕೊರಳಿಗೆ ಹೋಗುತ್ತದೆ. ಮೂರು ಸಲ ಸೀಟಿ. ಅವರ ಮನೆಯಲ್ಲಿ ಅದಕ್ಕೆ ಅರ್ಥ ಒಂದೇ: ಎಲ್ಲಿದ್ದರೂ ಸೀಟಿಯ ಕಡೆಗೆ ಓಡಿ ಬರಬೇಕು. ನಾಲ್ಕು ವರ್ಷದವಳಿದ್ದಾಗಿನಿಂದ ಇಂದ್ರವ್ವ ಹಾಗೆ ಓಡಿ ಬಂದಿದ್ದಾಳೆ.

ಬಡಗಣದಿಂದ ಮೂರು ಸಲ ಸೀಟಿ ಬರುತ್ತದೆ. ಮೊದಲಿನದಕ್ಕಿಂತ ಸ್ಪಷ್ಟವಾಗಿ. ಬೆನ್ನಿಗೇ ಸಣ್ಣ ಪಾದಗಳು ಅತ್ತ ಓಡುವ ಸದ್ದು.

"ಬಾಯಾಗಿಂದ ತಗೀರಿ ಅದನ್ನ!" ಲಗಮವ್ವ ಸೀಟಿಯನ್ನು ಕಿತ್ತುಕೊಂಡು ಸೆರಗಿಗೆ ಗಂಟು ಹಾಕುತ್ತಾಳೆ. "ಯಾರೂ ಕೂಗಬ್ಯಾಡ್ರಿ. ಇದ್ದಲ್ಲೆ ಕುಂಡ್ರಿ." ಆಡಿನ ಕೊರಳಿಗೆ ಕಟ್ಟುವ ಮರದ ಗಂಟೆಯೊಂದು ಅವಳ ನಡುವಿನಲ್ಲಿ ಸದಾ ಇರುತ್ತದೆ. ಅದರ ಮೊಂಡು ಸದ್ದು ಆಚೆ ದಂಡೆಗೆ ಮುಟ್ಟುವುದಿಲ್ಲ, ಆದ್ದರಿಂದ ತಿರುಗಿಯೂ ಬರುವುದಿಲ್ಲ. ಅದನ್ನು ಬಡಿಯುತ್ತ, ಬರಿಗಾಲಿನಿಂದ ನೆಲ ತಡವುತ್ತ ಮಂಜಿನೊಳಗೆ ನಡೆಯುತ್ತಾಳೆ.

ಹುಡುಗಿ ಸಿಕ್ಕಾಗ ಕಮರಿಯ ಅಂಚಿಗೆ ಎರಡು ಹೆಜ್ಜೆ ಉಳಿದಿದೆ. ಕುಕ್ಕರುಗಾಲಲ್ಲಿ ಕುಳಿತಿದ್ದಾಳೆ. ಒಂದು ಮುಷ್ಟಿ ಬಿಗಿದಿದೆ.

"ಯಾಕವ್ವಾ ಕುಂತಿ?"

"ಕಲ್ಲು ಬಿದ್ದಿತ್ತು, ಆರಿಸ್ಕೊಳ್ಳಾಕ ಕುಂತೆ. ಬಿಡಬೇ ಆಯಿ, ಹೋಗತೇನಿ. ಅಪ್ಪ ಅಲ್ಲೆ ಇನ್ನೂ ಸೀಟಿ ಊದಾಕ ಹತ್ಯಾನ." ಹುಡುಗಿ ಕಮರಿಯ ಕಡೆ ಬೆರಳು ತೋರಿಸುತ್ತಾಳೆ.

ಸೀಟಿ ಲಗಮವ್ವನ ಸೆರಗಿನ ಗಂಟಿನಲ್ಲಿದೆ. ಅವಳಿಗೇನೂ ಕೇಳಿಸುತ್ತಿಲ್ಲ.

ಮಧ್ಯಾಹ್ನಕ್ಕೆ ಬಿಸಿಲು ಬಿದ್ದು, ಎಲ್ಲರೂ ಇಳಿಯುತ್ತಾರೆ. ಒಬ್ಬೊಬ್ಬರೂ ತಮ್ಮ ಕಲ್ಲು ತೆಗೆದು ಹಿಂದಕ್ಕೆ ಒಗೆಯುತ್ತಾರೆ. ಕೊನೆಗೆ ಲಗಮವ್ವ ತನ್ನದನ್ನು ತೆಗೆದು ಒಗೆದು, ಮತ್ತೆ ಕುಣಿಗೆ ಕೈ ಇಳಿಸುತ್ತಾಳೆ. ಕುಣಿ ಬರಿದು. ಕೈ ಅಲ್ಲೇ ನಿಲ್ಲುತ್ತದೆ.

"ನಾನ ಒಗದೇನ್ರಿ, ಆಯಿ," ಎನ್ನುತ್ತಾರೆ ಮಾಸ್ತರರು. "ಆರು ಮಂದಿ, ಏಳು ಕಲ್ಲು. ಲೆಕ್ಕ ತಪ್ಪೇತಿ ಅಂತ ತಿಳದು, ಕರೇ ಕಲ್ಲು ತಗದು ಈ ಹಳ್ಳಕ್ಕ ಒಗದೆ." ಹಳ್ಳಕ್ಕಿಳಿದು ಎರಡೂ ಕೈಯಿಂದ ಕಲ್ಲು ಸರಿಸತೊಡಗುತ್ತಾರೆ. ಅಲ್ಲಿರುವುದೆಲ್ಲ ಕೆಂಪು ಕಲ್ಲು.

"ಅಪ್ಪಾ, ಕರೇದು ಅಂದ್ರ ಇಂಥಾದ್ದೇನು?" ಇಂದ್ರವ್ವ ಮುಷ್ಟಿ ಬಿಚ್ಚುತ್ತಾಳೆ. ಕಪ್ಪು ಕಲ್ಲು, ನಡುವೆ ಬಿಳಿ ಗೆರೆ.

ಹಳ್ಳಕ್ಕೂ ಬಡಗಣ ಹಾಸಿಗೂ ನಡುವೆ ಒಂದೂವರೆ ತಾಸಿನ ಏರು. ಕಲ್ಲನ್ನು ಮುಟ್ಟಿದ್ದು ತಾನೊಬ್ಬನೇ ಎಂದು ಮಾಸ್ತರರು ತಾಯಿಯ ತಲೆ ಮುಟ್ಟಿ ಆಣೆ ಮಾಡುತ್ತಾರೆ. ಶಟ್ಟೆಪ್ಪ ಅಂಥ ಎರಡು ಕಲ್ಲು ಇಟ್ಟುಕೊಂಡಿದ್ದನೇ ಎಂದು ಕೇಳಿದರೆ ಲಗಮವ್ವ ಇಲ್ಲವೆಂದು ತಲೆಯಾಡಿಸುತ್ತಾಳೆ.

ಕಲ್ಲು ಗುಡ್ಡದಿಂದ ಇಳಿದು ಬಂದಿದೆ. ರೂಢಿಯಂತೆ ಈಗ ಅದನ್ನು ಹಿಂದಕ್ಕೆ ಒಗೆಯಬಹುದು. ಲಗಮವ್ವ ಅಂಗೈಯಲ್ಲಿ ಅದನ್ನು ಹಿಡಿದು, ಗುಡ್ಡಕ್ಕೆ ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ಕೈ ಹೆಗಲ ತನಕ ಏರುತ್ತದೆ. ಸೋಮವ್ವ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ.

ಕೈ ಇಳಿಯುತ್ತದೆ. ಲಗಮವ್ವ ಬಂಡೆಯ ಮುಂದೆ ಮತ್ತೆ ಮೊಣಕಾಲೂರಿ, ಕಲ್ಲನ್ನು ಸೆರಗಿನಿಂದ ಒರೆಸಿ, ಕುಣಿಯೊಳಗೆ ಮೆಲ್ಲಗೆ ಇಡುತ್ತಾಳೆ. ಸೀಟಿಯ ಗಂಟು ಬಿಚ್ಚಿ ಮಾಸ್ತರರ ಕೈಗೆ ಕೊಡುತ್ತಾಳೆ. ಹುರಿಗೆ ನಲವತ್ತೇಳನೆಯ ಗಂಟು ಹಾಕುತ್ತಾಳೆ.

"ಮುಂದಿನ ಐತವಾರ ಕಿತ್ತೂರಿನವರು ಬರತಾರ, ಸಣ್ಣ ಹುಡುಗ್ರು ಅದಾವಂತ," ಎನ್ನುತ್ತಾಳೆ, ಆಡುಗಳತ್ತ ಹೊರಡುತ್ತ. "ತಳಗ ನಾ ಅದೇನಿ. ಮ್ಯಾಲೂ ಒಬ್ಬರು ಇರಬೇಕಲ್ರಿ."