ಕಂಬದ ಆಚೆಯ ಗಿಡ್ಡ ಬಾಗಿಲು

ಸುಧಾ, ನಿನ್ನ ಮಗಳಿಗೆ ಕತ್ತಲೆಯ ಭಯ ಹಿಡಿಸಿದವಳು ನಾನು, ನಿನ್ನತ್ತೆ. ನೀನಲ್ಲ. ಇಷ್ಟು ವರ್ಷ ಅದನ್ನು ನಿನ್ನ ತಲೆಗೆ ಕಟ್ಟಿ ಸುಮ್ಮನಿದ್ದೆ.

ಟೂರಿನವರ ಜೊತೆ ಇಂಗ್ಲೆಂಡಿಗೆ ಹೋಗಿದ್ದೆವಲ್ಲ, ಆ ಹಳೇ ದೊಡ್ಡ ಚರ್ಚಿನಲ್ಲಿ ಆದದ್ದು. ಪಾಪು ಇನ್ನೂ ಸ್ಕೂಲಿಗೆ ಸೇರಿರಲಿಲ್ಲ. ಬಾತ್‌ರೂಮಿಗೆ ಹೊರಟ ನೀನು, "ಅತ್ತೆ, ಪಾಪು ಕೈ ಬಿಡ್ಬೇಡಿ, ಓಡ್ತಾಳೆ" ಎಂದಿದ್ದೆ.

"ನಾಲ್ಕು ಮಕ್ಳು ಸಾಕಿದೀನಿ, ನಂಗೇ ಹೇಳ್ಕೊಡ್ತೀಯಾ? ಹೋಗೇ!"

ಆಮೇಲೆ ತಲೆ ಎತ್ತಿದೆ. ಉತ್ತರಹಳ್ಳಿಯ ನಮ್ಮ ಹಳೇ ಮನೆಗೆ ಕಲ್ಲು ಚಪ್ಪಡಿ ಹೊದಿಸಿದ್ದರು. ಚಪ್ಪಡಿ ಎಷ್ಟುದ್ದವೋ ಕೋಣೆ ಅಷ್ಟೇ ಅಗಲ. ಇಲ್ಲಿ ಕಲ್ಲಿನ ಕಂಬಗಳು ಮರದಂತೆ ಮೇಲೆ ಹೋಗಿ, ಕೊಂಬೆ ಒಡೆದು, ಎಲ್ಲೋ ಎತ್ತರದಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು. ಬಣ್ಣದ ಗಾಜಿನಿಂದ ಕೆಂಪು, ನೀಲಿ ಬೆಳಕು ನೆಲದ ಗೋರಿಗಳ ಮೇಲೆ ಬಿದ್ದಿತ್ತು. ಅಷ್ಟು ಭಾರ ಹೇಗೆ ನಿಂತಿದೆ ಎಂದು ನೋಡಲು ಕಂಬಕ್ಕೆ ಕೈ ಊರಿ ಕತ್ತು ಹಿಂದಕ್ಕೆ ಚಾಚಿದೆ — ಎರಡೂ ಕೈ ಊರಿ.

ತಿರುಗಿದರೆ ಮಗು ಇಲ್ಲ.

ಕೂಗಬೇಕಿತ್ತು. ಕೂಗಲಿಲ್ಲ. ಭಾಷೆ ಬರುವುದಿಲ್ಲ ಅಂತಲ್ಲ — ನಿನಗೆ ಕೇಳಿಸೀತು ಅಂತ. ಬಾಯಿಗೆ ಸೆರಗು ಒತ್ತಿಕೊಂಡು ಕಂಬದಿಂದ ಕಂಬಕ್ಕೆ ಅಲೆದೆ. ಕೊನೆಗೆ ಒಂದು ಗಿಡ್ಡ ಮರದ ಬಾಗಿಲ ಹಿಂದೆ ಕೆರೆಯುವ ಸದ್ದು. ಎಳೆದೆ. ಗೋಪುರ ಹತ್ತುವ ಮೆಟ್ಟಿಲು, ಗವ್ವೆನ್ನುವ ಕತ್ತಲೆ, ಅದರೊಳಗೆ ಪಾಪು. ಅತ್ತೂ ಅತ್ತೂ ದನಿ ಹೋಗಿತ್ತು. ಚಡ್ಡಿ ಒದ್ದೆ.

ಎತ್ತಿಕೊಂಡು ಅವಳ ಕಿವಿಯಲ್ಲಿ ನಾನು ಹೇಳಿದ್ದು — "ಅಮ್ಮಂಗೆ ಹೇಳ್ಬೇಡ. ಹೇಳಿದ್ರೆ ಅಮ್ಮ ನಿನ್ನ ಇಲ್ಲೇ ಬಿಟ್ಟು ಹೋಗ್ತಾಳೆ."

ನಿನಗೆ, ನೀರು ಚೆಲ್ಲಿಕೊಂಡಳು ಎಂದೆ.

ಊರಿಗೆ ಬಂದ ಮೇಲೆ ಮಗು ಲಿಫ್ಟ್ ಹತ್ತದಾಯಿತು. ನೀನು ಬಚ್ಚಲಿಗೆ ಹೋದರೂ ಹೊರಗೆ ನಿಂತು ಬಾಗಿಲು ಬಡಿಯತೊಡಗಿತು. "ಸುಧಾ ಮಗೂ ಕೈಲಿ ಗೋರಿ ತುಳಿಸ್ಕೊಂಡು ಬಂದ್ಲಲ್ಲ, ಗಾಳಿ ಸೋಕಿರುತ್ತೆ" ಎಂದರು ನೆಂಟರು. ಮೊದಲು ಅಂದವಳು ನಾನೇ. ತಾಯತ ಕಟ್ಟಿಸಿದೆ, ದೃಷ್ಟಿ ತೆಗೆದೆ. ಉಪ್ಪು ಮೆಣಸಿನಕಾಯಿ ತಂದುಕೊಟ್ಟವಳು ನೀನು, ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿಕೊಂಡು.

ಗೋರಿಯ ಭಯ ನನಗಿಲ್ಲ. ಪಾಪುವಿನ ಬಾಯಿಯ ಭಯ. ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು — ಅವಳು ಹೇಳಲೇ ಇಲ್ಲ. ಹೇಳಿದರೆ ನೀನು ಬಿಟ್ಟುಹೋಗುತ್ತೀಯ ಎಂದು ಇನ್ನೂ ನಂಬಿದ್ದಾಳೇನೋ...

ಮಗುವನ್ನು ನನ್ನ ಹತ್ತಿರ ಬಿಡಬಾರದು ಅನ್ನಿಸಿದರೆ ಬಿಡಬೇಡ. ನಾಳೆ ಈ ಭಯಕ್ಕೆಂದು ಪಾಪುವನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತೀಯಲ್ಲ, ನಾನೂ ಬರುತ್ತೇನೆ. ಯಾವಾಗಿನಿಂದ ಹೀಗೆ ಎಂದು ಅವರು ಕೇಳಿದಾಗ ನೀನು ಬಾಯಿ ತೆರೆಯಬೇಡ. ನಾನು ಹೇಳುತ್ತೇನೆ, ಪಾಪುವಿನ ಎದುರಿಗೇ.